ಟೆಸ್ಟರಕ್ಕನ ಕೈಗುಣ

ತಗಡಿನ ಡಬ್ಬಿ ಮಾಡುವ ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಮಿಕ್ಕವರಿಗೆಲ್ಲ ಅವಳು ಟೆಸ್ಟರಕ್ಕ. ಬೇರೆಯವರು ಪೆನ್ನು ಸಿಕ್ಕಿಸಿಕೊಳ್ಳುವ ಜೇಬಿನಲ್ಲಿ ಅವಳು ಹಳದಿ ಹಿಡಿಯ ಟೆಸ್ಟರ್ ಸಿಕ್ಕಿಸಿಕೊಂಡಿರುತ್ತಿದ್ದಳು. ಪೆನ್ನು ಬೇಕಾದರೆ ಯಾರನ್ನಾದರೂ ಕೇಳಿ ತೆಗೆದುಕೊಂಡು, ವಾಪಸು ಕೊಡಲು ಮರೆಯುತ್ತಿದ್ದಳು. ಅವಳ ಡ್ರಾಯರಿನಲ್ಲಿ ಅರ್ಧ ಕಾರ್ಖಾನೆಯ ಪೆನ್ನುಗಳಿದ್ದವು.

ಅವಳಿಗೆ ಕೈಗುಣ ಇದೆ ಎಂದು ಜನ ನಂಬಿದ್ದರು. ನಾಡಿ ಹಿಡಿದರೆ ಸಾಕು, ಅರ್ಧ ಜ್ವರ ಇಳಿಯಿತು ಅಂತ ಕೆಲವು ವೈದ್ಯರ ವಿಷಯದಲ್ಲಿ ಹೇಳುತ್ತಾರಲ್ಲ, ಹಾಗೆ. ಮಷೀನುಗಳ ಸಾಲು, ಅಂದರೆ ಲೈನು, ನಿಂತಿತೆಂದರೆ ಟೆಸ್ಟರಕ್ಕ ಬರಬೇಕು. ಬೂದು ಬಣ್ಣದ ಪ್ಯಾನೆಲ್ಲಿನ ಬಾಗಿಲು ತೆಗೆದು, ಒಳಗೆ ಕೈಯಾಡಿಸಿ, ಅಲ್ಲೊಂದು ಇಲ್ಲೊಂದು ಸ್ಕ್ರೂ ಬಿಗಿದು, ಬಾಗಿಲು ಮುಚ್ಚಬೇಕು. ಲೈನು ಓಡುತ್ತದೆ. ಏನು ಮಾಡಿದಿರಿ ಎಂದು ಕೇಳಿದರೆ "ಏನಿಲ್ಲ, ಸುಮ್ನೆ ನೋಡ್ದೆ" ಅನ್ನುತ್ತಿದ್ದಳು. ಹೊಗಳಿದರೆ ಮುಖ ಗಂಟಿಕ್ಕಿಕೊಳ್ಳುತ್ತಿದ್ದಳು. ಒಳಗೊಳಗೇ ಹಿಗ್ಗುತ್ತಿದ್ದಳು. ಹಿಗ್ಗಬಾರದೇ? ಹಿಗ್ಗುವಷ್ಟು ದುಡಿದಿದ್ದಳು.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ಅಲ್ಲಿಗೆ ಬಂದದ್ದು ಮುಚ್ಚಳ ಎಣಿಸುವುದಕ್ಕೆ. ನೂರು ಮುಚ್ಚಳಕ್ಕೊಂದು ಕಟ್ಟು, ದಿನವಿಡೀ ಅದೇ. ನಾಲ್ಕು ವರ್ಷ ಕಳೆದ ಮೇಲೆ ಮರದ ಪೆಟ್ಟಿಗೆಗಳಲ್ಲಿ ಹೊಸ ಲೈನು ಬಂತು. ಜೊತೆಗೆ, ಪ್ಯಾನೆಲ್ಲಿನೊಳಗೆ ಕೂತು ಅದನ್ನು ನಡೆಸುವ ಕಂಟ್ರೋಲರ್ ಬಂತು. ಅದನ್ನು ಕೂರಿಸಲು ಬಂದಿದ್ದ ಮುದುಕನಿಗೆ ಕನ್ನಡಕ ಹಾಕಿದರೂ ವೈರಿನ ಮೇಲಿನ ಪುಟಾಣಿ ನಂಬರು ಕಾಣುತ್ತಿರಲಿಲ್ಲ. ಕಣ್ಣು ಚುರುಕಿರುವ ಯಾರನ್ನಾದರೂ ಕಳಿಸಿ ಅಂದ. ಎಣಿಕೆ ತಪ್ಪದ ಹುಡುಗಿ ಎಂದು ಇವಳನ್ನು ಕಳಿಸಿದರು. ಮೂರು ವಾರ ಅವಳು ಟಾರ್ಚು ಹಿಡಿದು ನಂಬರು ಓದಿದಳು. ಅವನು ಹೊರಡುವ ಹೊತ್ತಿಗೆ ಯಾವ ನಂಬರಿನ ವೈರು ಎಲ್ಲಿಂದ ಹೊರಟು ಎಲ್ಲಿಗೆ ಸೇರುತ್ತದೆ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಹೋಗುವಾಗ ಆ ಮುದುಕ ಅವಳಿಗೆ ಒಂದೇ ಮಾತು ಹೇಳಿದ: "ಇದರಲ್ಲಿ ಏನೂ ಕೆಡಲ್ಲಮ್ಮ. ಸ್ಕ್ರೂ ಸಡಿಲ ಆಗದ ಹಾಗೆ ನೋಡ್ಕೊಂಡ್ರೆ ಸಾಕು."

ಅಲ್ಲಿಂದ ಅವಳಿಗೆ ಮುಚ್ಚಳ ಎಣಿಸುವುದರಲ್ಲಿ ಮನಸ್ಸು ನಿಲ್ಲಲಿಲ್ಲ. ಮದುವೆಯಾಯಿತು, ಮಗಳು ಹುಟ್ಟಿದಳು. ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಎಲೆಕ್ಟ್ರಿಷಿಯನ್ನರ ಸಂಜೆ ತರಗತಿಗೆ ಸೇರಿಕೊಂಡಳು. ಮೂವತ್ತೊಂದು ಗಂಡಸರ ನಡುವೆ ಒಬ್ಬಳು. ಮೊದಲನೆಯ ದಿನ ಮೇಷ್ಟರು, "ನಿಮಗೆ ಶಾಕ್ ಗೀಕ್ ಹೊಡೆದ್ರೆ ಏನಮ್ಮಾ ಗತಿ?" ಎಂದು ಕೇಳಿದರು. "ಶಾಕಿಗೆ ಗಂಡು ಹೆಣ್ಣು ಅಂತ ಭೇದ ಗೊತ್ತಾಗಲ್ಲ ಸರ್," ಎಂದಳು. ಮೂರು ವರ್ಷದ ನಂತರ ಸರ್ಟಿಫಿಕೇಟು ತಂದು ಮ್ಯಾನೇಜರ ಮೇಜಿನ ಮೇಲಿಟ್ಟಳು. ಅಂದಿನಿಂದ ಪ್ಯಾನೆಲ್ಲಿನ ಬೀಗದ ಕೈ ಅವಳದಾಯಿತು.

ಇದಾಗಿ ಹತ್ತೊಂಬತ್ತು ವರ್ಷ. ಆ ಕಂಟ್ರೋಲರನ್ನು ತಯಾರಿಸಿದ ಕಂಪನಿ ಅದನ್ನು ಮಾಡುವುದನ್ನೇ ಬಿಟ್ಟು ಎಷ್ಟೋ ಕಾಲವಾಗಿತ್ತು. ಬಿಡಿಭಾಗ ಬೇಕೆಂದರೆ ಎಲ್ಲೋ ಮುಚ್ಚಿಹೋದ ಕಾರ್ಖಾನೆಯಿಂದ ಕಿತ್ತು ತರಬೇಕು. ಆದರೂ ಅದು ಓಡುತ್ತಿತ್ತು. ಪ್ರತಿ ಶನಿವಾರ ಲೈನು ಬೇಗ ನಿಂತ ಮೇಲೆ ಟೆಸ್ಟರಕ್ಕ ಪ್ಯಾನೆಲ್ಲಿನ ಮುಂದೆ ಸ್ಟೂಲು ಹಾಕಿಕೊಂಡು ಕೂತು, ಮೇಲಿನಿಂದ ಕೆಳಗಿನವರೆಗೆ ಪ್ರತಿಯೊಂದು ಸ್ಕ್ರೂವನ್ನೂ ಬಿಗಿ ಮಾಡುತ್ತಿದ್ದಳು. ತಿರುಗದಿದ್ದರೂ ಒಮ್ಮೆ ಉಸಿರು ಬಿಗಿಹಿಡಿದು ಒತ್ತುತ್ತಿದ್ದಳು. ಹೆಚ್ಚು ಕಡಿಮೆ ಸಾವಿರ ಶನಿವಾರ. ಮುದುಕನ ಮಾತನ್ನು ಒಂದು ವಾರವೂ ತಪ್ಪಿಸಿರಲಿಲ್ಲ.

ಇನ್ನು ಅವಳ ಓರಗಿತ್ತಿಯ ವಿಷಯ. ಗಂಡನ ತಮ್ಮನ ಹೆಂಡತಿ, ಇವಳಿಗಿಂತ ಹನ್ನೆರಡು ವರ್ಷ ಚಿಕ್ಕವಳು. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದರು. ಕೆಳಗೆ ಇವರು, ಮಹಡಿಯಲ್ಲಿ ಅವರು, ಅಡುಗೆಮನೆ ಒಂದೇ. ಆ ಚಿಕ್ಕವಳನ್ನು ಕಾರ್ಖಾನೆಗೆ ಸೇರಿಸಿದವಳೂ ಟೆಸ್ಟರಕ್ಕನೇ. ಅವಳು ನಕ್ಕರೆ ಮೂರು ಮಷೀನಿನಾಚೆ ಕೇಳಿಸುತ್ತಿತ್ತು. ಕೆಲಸದಲ್ಲಿ ಮಾತ್ರ ಗಟ್ಟಿಗಿತ್ತಿ. ಎಂಟು ವರ್ಷದಿಂದ ಡಬ್ಬಿಗೆ ಮುಚ್ಚಳ ಕೂರಿಸುವ ಮಷೀನಿಗೆ ಅವಳೇ ಆಪರೇಟರ್. ಆ ಮಷೀನಿನಲ್ಲಿ ಎರಡು ಉಕ್ಕಿನ ಉರುಳೆಗಳು ಗರಗರ ತಿರುಗಿ ಮುಚ್ಚಳದ ಅಂಚನ್ನು ಮಡಚುತ್ತವೆ. ಬೆರಳು ಸಿಕ್ಕಿದರೆ ಬೆರಳನ್ನೂ ಮಡಚುತ್ತವೆ. ಅದಕ್ಕೇ ಅದರ ಮುಂದೆ ಜಾಲರಿಯ ಬಾಗಿಲು. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂಬ ಸುದ್ದಿಯನ್ನು ಅಲ್ಲಿರುವ ಸ್ವಿಚ್ಚು ಒಂದು ವೈರಿನ ಮೂಲಕ ಕಂಟ್ರೋಲರಿಗೆ ಕಳಿಸುತ್ತದೆ. ತೆರೆದರೆ ಆ ಕ್ಷಣವೇ ಇಡೀ ಲೈನು ನಿಲ್ಲುತ್ತದೆ. ಓಡುವ ಮಷೀನಿನ ಜಾಲರಿ ತೆಗೆಯುವುದಕ್ಕಿಂತ ದೊಡ್ಡ ತಪ್ಪು ಆ ಕಾರ್ಖಾನೆಯಲ್ಲಿ ಇರಲಿಲ್ಲ.

ತೊಂದರೆ ಶುರುವಾದದ್ದು ಅಲ್ಲೇ. ಒಂದು ಬೆಳಿಗ್ಗೆ ಲೈನು ಗಕ್ಕನೆ ನಿಂತಿತು. 'ಜಾಲರಿ ಬಾಗಿಲು ತೆರೆದಿದೆ' ಎಂದು ಪ್ಯಾನೆಲ್ಲಿನ ಪರದೆ ಹೇಳಿತು. ನೋಡಿದರೆ ಬಾಗಿಲು ಮುಚ್ಚಿಯೇ ಇದೆ. ಮತ್ತೆ ಗುಂಡಿ ಒತ್ತಿದರೆ ಏನೂ ಆಗದ ಹಾಗೆ ಓಡಿತು. ಮಾರನೆಯ ದಿನ ಎರಡು ಸಲ ನಿಂತಿತು. ಆಮೇಲೆ ನಾಲ್ಕು ದಿನ ಸುದ್ದಿಯೇ ಇಲ್ಲ. ಪೂರ್ತಿ ಕೆಟ್ಟದ್ದನ್ನು ಹುಡುಕುವುದು ಸುಲಭ, ಅದು ಕೆಟ್ಟೇ ಇರುತ್ತದೆ. ಆಗೊಮ್ಮೆ ಈಗೊಮ್ಮೆ ಕೆಡುವುದಿದೆಯಲ್ಲ, ಅದು ನಾವು ಹೋಗಿ ನೋಡುವಾಗ ಸಭ್ಯಸ್ಥನ ಹಾಗೆ ನಡೆದುಕೊಂಡು, ಬೆನ್ನು ತಿರುಗಿಸಿದ ಮೇಲೆ ತನ್ನ ಬುದ್ಧಿ ತೋರಿಸುತ್ತದೆ.

ಟೆಸ್ಟರಕ್ಕ ಬಾಗಿಲಿನ ಸ್ವಿಚ್ಚು ಬದಲಾಯಿಸಿದಳು. ಪ್ಯಾನೆಲ್ಲಿನಲ್ಲಿ ಆ ವೈರಿನ ಸ್ಕ್ರೂ ಇನ್ನೂ ಒಂದು ಹಿಡಿ ಬಿಗಿ ಮಾಡಿದಳು. ನಾಲ್ಕು ದಿನ ಸರಿಹೋಯಿತು, ಐದನೆಯ ದಿನ ಮತ್ತೆ ನಿಂತಿತು. ಹೊರಗಿನಿಂದ ಎಂಜಿನಿಯರು ಬಂದ. ಲ್ಯಾಪ್‌ಟಾಪ್ ಬಿಚ್ಚಿ, ಅದನ್ನು ನೋಡಿದ್ದಕ್ಕಿಂತ ಹೆಚ್ಚು ಸಲ ಕೈಗಡಿಯಾರ ನೋಡಿ, ಕಂಟ್ರೋಲರಿನಲ್ಲಿ ವೈರುಗಳ ಸುದ್ದಿ ತೆಗೆದುಕೊಳ್ಳುವ ಕಾರ್ಡು ಹಳತಾಗಿದೆ ಅಂದ. ಜೋಪಾನವಾಗಿ ಇಟ್ಟಿದ್ದ ಒಂದೇ ಒಂದು ಬದಲಿ ಕಾರ್ಡನ್ನು ಹಾಕಿದರು. ವೈರುಗಳನ್ನು ಸ್ಕ್ರೂವಿನಿಂದ ಹಿಡಿದಿಡುವ ಪಟ್ಟಿಯನ್ನು ಹಳೆಯ ಕಾರ್ಡಿನಿಂದ ಕಳಚಿ ಹೊಸದಕ್ಕೆ ಕೂರಿಸಿ ಟೆಸ್ಟರಕ್ಕ ಎಂದಿನಂತೆ ಎಲ್ಲ ಸ್ಕ್ರೂಗಳನ್ನೂ ಬಿಗಿದಳು. ಆರು ದಿನ ನೆಮ್ಮದಿ. ಏಳನೆಯ ದಿನ ಮತ್ತೆ ಅದೇ ರಾಗ.

"ಸ್ವಿಚ್ಚು ಹೊಸದು, ಕಾರ್ಡೂ ಹೊಸದು," ಎಂದ ಎಂಜಿನಿಯರು ಫೋನಿನಲ್ಲಿ. "ಇನ್ನು ಉಳಿದಿರೋದು ಬಾಗಿಲು ತೆಗೆಯೋ ಕೈ ಮಾತ್ರ."

ಆ ಮಾತು ಟೆಸ್ಟರಕ್ಕನ ಮನಸ್ಸಿಗೆ ಹೊಕ್ಕುಬಿಟ್ಟಿತು. ಹೊಗಬಾರದಿತ್ತು. ಆದರೆ ಅವಳ ನಂಬಿಕೆಯೇ ಹಾಗಿತ್ತು: ಮನುಷ್ಯರು ಸುಳ್ಳು ಹೇಳುತ್ತಾರೆ, ಕಂಟ್ರೋಲರ್ ಹೇಳುವುದಿಲ್ಲ. ಮುಚ್ಚಳ ಓರೆಯಾದಾಗ ಸರಿಮಾಡಲು ಒಂದು ಕ್ಷಣ ಜಾಲರಿ ಎತ್ತಿ ಮುಚ್ಚುವ ಚಾಳಿ ಕೆಲವು ಆಪರೇಟರುಗಳಿಗೆ ಇದ್ದದ್ದೂ ನಿಜವೇ. ಪ್ಯಾನೆಲ್ಲಿನ ಬಾಗಿಲಿಗೆ ದಾರ ಕಟ್ಟಿ ತೂಗುಹಾಕಿದ್ದ ದಪ್ಪ ಪುಸ್ತಕವೊಂದಿತ್ತು. ಯಾವತ್ತು ಏನು ಕೆಟ್ಟಿತು, ಕಾರಣವೇನು, ಕಂಡುಹಿಡಿದವರು ಯಾರು ಎಂದು ರಿಪೇರಿಯವರು ಅದರಲ್ಲಿ ಬರೆಯಬೇಕು. ರಿಪೇರಿಯವರು ಮಾತ್ರ ಬರೆಯಬೇಕು. ಆಪರೇಟರುಗಳು ಅದನ್ನು ಮುಟ್ಟುವ ಪದ್ಧತಿಯೇ ಇರಲಿಲ್ಲ. ಕಾರಣದ ಜಾಗದಲ್ಲಿ ಟೆಸ್ಟರಕ್ಕ ಎರಡು ವಾರದಲ್ಲಿ ಮೂರು ಸಲ ಬರೆದಳು: 'ಆಪರೇಟರ್ ತಪ್ಪು.'

ಮೂರು ಸಲ ಆದದ್ದೇ ಮ್ಯಾನೇಜರು ಚಿಕ್ಕವಳನ್ನು ಕರೆಸಿ ತೀರ್ಮಾನ ತಿಳಿಸಿದರು. ಸೋಮವಾರ ಬೆಳಿಗ್ಗೆ, ಕೆಲಸ ಶುರುವಾಗುವ ಮುಂಚೆ ಎಲ್ಲರೂ ಸೇರುವ ಹತ್ತು ನಿಮಿಷದ ಸಭೆಯಲ್ಲಿ ಅವಳ ತಪ್ಪನ್ನು ಓದಿ ಹೇಳುತ್ತಾರೆ. ಅವತ್ತಿನಿಂದ ಅವಳು ಪ್ಯಾಕಿಂಗ್ ಮೇಜಿಗೆ. ಜಾಲರಿಯ ತಪ್ಪಿಗೆ ಇಳಿಸಿದವರನ್ನು ಮತ್ತೆ ಯಾವ ಮಷೀನಿಗೂ ಹತ್ತಿಸುವುದಿಲ್ಲ. ಎಂಟು ವರ್ಷದ ಹೆಸರು, ಹತ್ತು ನಿಮಿಷದಲ್ಲಿ ಮಣ್ಣುಪಾಲು.

ಮನೆಯಲ್ಲಿ ಮಾತು ನಿಂತಿತು. ಮೊದಲ ಸಲ ಬರೆದಾಗಲೇ ಚಿಕ್ಕವಳು ಮುಖ ಊದಿಸಿಕೊಂಡಿದ್ದಳು, ಈಗ ಬಾಯಿಗೆ ಬೀಗವೇ ಬಿತ್ತು. ಅಡುಗೆಮನೆಯಲ್ಲಿ ಇಬ್ಬರೂ ಒಂದೇ ಒಲೆಯ ಮುಂದೆ ನಿಂತು, ಹೇಳಬೇಕಾದದ್ದನ್ನೆಲ್ಲ ಅತ್ತೆಯ ಮೂಲಕ ಹೇಳುತ್ತಿದ್ದರು.

"ಅತ್ತೆ, ಉಪ್ಪು ಹಾಕಿ ಆಗಿದೆ ಅಂತ ಹೇಳಿ ಅವರಿಗೆ. ಮತ್ತೆ ಹಾಕಿಬಿಟ್ಟಾರು."

"ಅತ್ತೆ, ನನಗೆ ಕಿವಿ ಕೇಳತ್ತೆ ಅಂತ ಹೇಳಿ."

"ನಾನೇನು ಟೆಲಿಫೋನಾ?" ಎಂದು ಮುದುಕಿ ಸಿಡುಕಿದಳು. ಆಮೇಲೆ ದೊಡ್ಡ ಸೊಸೆಯನ್ನು ಹಿತ್ತಿಲಿಗೆ ಕರೆದು ಕೇಳಿದಳು: "ಅವಳ ಹೆಸರು ಯಾಕೆ ಬರೆದೆ ನೀನು?"

"ಹೆಸರು ಬರೆದಿಲ್ಲ ಅತ್ತೆ. ಆಪರೇಟರ್ ಅಂತ ಅಷ್ಟೇ ಬರೆದೆ."

"ಆ ಮಷೀನಿಗೆ ಎಷ್ಟು ಜನ ಆಪರೇಟರು?"

"ಒಬ್ಬಳೇ."

"ಸರಿ ಹೋಯ್ತು. ಈ ಮನೆ ಚಿಕ್ಕ ಸೊಸೆ ಅಂತ ಬರೆದು, ಹೆಸರು ಬರೆದಿಲ್ಲ ಅಂದ ಹಾಗಾಯ್ತು," ಎಂದು ಅತ್ತೆ ಒಳಗೆ ಹೋದಳು. ಆದರೂ ತಾನು ಬರೆದದ್ದು ನಿಜವೆಂದೇ ಟೆಸ್ಟರಕ್ಕನ ಹಟ.

ಆ ಹಟ ಮುರಿದದ್ದು ಗುರುವಾರ, ಹನ್ನೊಂದು ಗಂಟೆಯ ಸುಮಾರಿಗೆ. ಲೈನು ನಿಂತಿತು, ಕರೆ ಬಂತು, ಟೆಸ್ಟರಕ್ಕ ಹೋದಳು. ಚಿಕ್ಕವಳು ಮಷೀನಿನ ಮುಂದೆ ಕೈಕಟ್ಟಿ ನಿಂತಿದ್ದಳು. ಗಲ್ಲದಿಂದ ಜಾಲರಿಯ ಕಡೆ ತೋರಿಸಿದಳು. ಬಾಗಿಲಿನ ಸಂದಿಗೆ ಅಡ್ಡಲಾಗಿ ಮೇಲೊಂದು ಕೆಳಗೊಂದು ಕಾಗದದ ಪಟ್ಟಿ ಅಂಟಿಸಿತ್ತು. ಎರಡರ ಮೇಲೂ, ಅರ್ಧ ಬಾಗಿಲಿಗೆ ಅರ್ಧ ಚೌಕಟ್ಟಿಗೆ ಬರುವಂತೆ, ಅವಳ ಸಹಿ. ಪಕ್ಕದಲ್ಲಿ ತಗಡನ್ನು ಕುಟ್ಟಿ ಕತ್ತರಿಸುವ ದೊಡ್ಡ ಪ್ರೆಸ್ಸನ್ನು ನಡೆಸುವವನ ಸಹಿಯನ್ನೂ ಸಾಕ್ಷಿಗೆ ಹಾಕಿಸಿದ್ದಳು. ಪಟ್ಟಿ ಹರಿದಿರಲಿಲ್ಲ, ಸುಕ್ಕೂ ಬಿದ್ದಿರಲಿಲ್ಲ. ಪರದೆ ಮಾತ್ರ ಹೇಳುತ್ತಲೇ ಇತ್ತು: ಜಾಲರಿ ಬಾಗಿಲು ತೆರೆದಿದೆ.

ತಪ್ಪು ಮಾಡದವಳ ಮೇಲೆ ಮೂರು ಸಲ ತಪ್ಪು ಹೊರಿಸಿದ್ದೆ ಎಂಬುದು ಆ ಕ್ಷಣದಲ್ಲೇ ಟೆಸ್ಟರಕ್ಕನಿಗೆ ತಿಳಿಯಿತು. ಕಂಟ್ರೋಲರ್ ಸುಳ್ಳು ಹೇಳಿರಲಿಲ್ಲ, ಸರಿ. ಆದರೆ ಅದಕ್ಕೆ ತಲುಪಿದ ಸುದ್ದಿಯೇ ಸುಳ್ಳಾಗಿತ್ತು. ಸೋಮವಾರದೊಳಗೆ ಕಾರಣ ಸಿಗದಿದ್ದರೆ ಈ ಕಾಗದದ ಪಟ್ಟಿಯನ್ನು ಮ್ಯಾನೇಜರು ಹುಡುಗಾಟ ಎಂದುಬಿಡುತ್ತಾರೆ. ಅವಳು ಸರಸರನೆ ಪ್ಯಾನೆಲ್ಲಿನ ಬಳಿ ಹೋಗಿ ಬಾಗಿಲು ತೆಗೆದಳು. ಕೈ ತಾನಾಗಿಯೇ ಜೇಬಿನ ಟೆಸ್ಟರನ್ನು ತೆಗೆದು ಜಾಲರಿಯ ವೈರನ್ನು ಹಿಡಿದಿದ್ದ ಒಂಬತ್ತನೆಯ ಸ್ಕ್ರೂವಿನ ಕಡೆ ಹೋಯಿತು.

"ಮುಟ್ಬೇಡಿ!"

ಚಿಕ್ಕವಳು ಹಿಂದೆಯೇ ಬಂದಿದ್ದಳು. ಎಷ್ಟೋ ದಿನದ ಮೇಲೆ ಅವಳು ನೇರವಾಗಿ ಆಡಿದ ಮೊದಲ ಮಾತು ಅದು.

"ಬಿಗಿ ಮಾಡ್ಬೇಡಿ ಅಕ್ಕ. ನೀವು ಮುಟ್ಟಿದ್ರೆ ನಾಲ್ಕು ದಿನ ಸರಿ ಇರತ್ತೆ. ಎಲ್ಲಾರೂ ಆಹಾ ಓಹೋ ಅಂತಾರೆ. ಐದನೇ ದಿನ ಮತ್ತೆ ನಿಂತಾಗ ನನ್ನ ತಲೆ ಮೇಲೆ ಬರತ್ತೆ. ಈ ಸಲ ಮುಟ್ಟದೆ ನೋಡಿ."

"ಮುಟ್ಟದೆ ಏನು ನೋಡ್ಲಿ?"

"ಬನ್ನಿ ಇಲ್ಲಿ."

ಮಷೀನಿನ ಹಿಂಬದಿಗೆ, ಯಾರ ಕಣ್ಣೂ ಬೀಳದ ಕಡೆ, ಕರೆದುಕೊಂಡು ಹೋದಳು. ಹಸಿರು ಬಣ್ಣದ ಮೇಲೆ ಸೀಮೆಸುಣ್ಣದ ಗೀಟುಗಳು, ಎರಡು ಸಾಲು. ನಿಂತ ಪ್ರತಿ ಸಲವೂ ಒಂದು ಗೀಟು. "ಈ ಸಾಲು, ಪಕ್ಕದ ಪ್ರೆಸ್ಸು ದಪ್ಪ ತಗಡು ಹೊಡೀತಿದ್ದಾಗ. ಈ ಸಾಲು, ತೆಳು ತಗಡು." ದಪ್ಪ ತಗಡಿನ ಸಾಲಿನಲ್ಲಿ ಹದಿನಾಲ್ಕು ಗೀಟಿದ್ದವು. ತೆಳು ತಗಡಿನ ಸಾಲಿನಲ್ಲಿ ಒಂದೂ ಇರಲಿಲ್ಲ.

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ಯಾರಿಗೆ ಹೇಳ್ಲಿ? ನೀವು ಆಗ್ಲೇ ಬರೆದಾಗಿತ್ತು."

ಟೆಸ್ಟರಕ್ಕ ಟೆಸ್ಟರನ್ನು ಜೇಬಿಗೆ ವಾಪಸು ಹಾಕಿದಳು.

ಆಮೇಲೆ ಅವಳು ಮಾಡಿದ್ದು ಅವಳ ಜೀವಮಾನದಲ್ಲೇ ಅತಿ ಕಷ್ಟದ ಕೆಲಸ: ಸುಮ್ಮನೆ ನಿಂತಳು. ಪ್ಯಾನೆಲ್ಲಿನ ಬಾಗಿಲು ತೆರೆದಿಟ್ಟು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಕಾರ್ಡಿನ ಮೇಲೆ ಹದಿನಾರು ಪುಟ್ಟ ಕೆಂಪು ದೀಪಗಳು, ಒಂದೊಂದು ವೈರಿಗೆ ಒಂದೊಂದು. ಒಂಬತ್ತನೆಯದು ಜಾಲರಿಯದು. ಬಾಗಿಲು ಮುಚ್ಚಿದ್ದರೆ ಅದು ಉರಿಯುತ್ತಿರಬೇಕು. ಲೈನು ಓಡಿಸಿದರು. ಆಚೆ ಪ್ರೆಸ್ಸು ದಪ್ಪ ತಗಡನ್ನು ಧಡ್ ಧಡ್ ಎಂದು ಕುಟ್ಟುತ್ತಿತ್ತು. ಪ್ರತಿ ಏಟಿಗೂ ನೆಲ ನಡುಗಿ, ಪ್ಯಾನೆಲ್ಲಿಗೂ ಆ ನಡುಕ ಹತ್ತುತ್ತಿತ್ತು. ಅರ್ಧ ಗಂಟೆಯಾಯಿತು. ಮುಕ್ಕಾಲು ಗಂಟೆಯಾಯಿತು. ಊಟದ ಗಂಟೆ ಹೊಡೆದಾಗ ಪ್ರೆಸ್ಸಿನವನಿಗೆ, "ಇನ್ನೊಂದು ಸ್ವಲ್ಪ ಹೊಡಿಯಪ್ಪಾ, ನನ್ನ ಊಟದ ಡಬ್ಬಿನೂ ನೀನೇ ತಿನ್ನು," ಎಂದು ಕೂಗಿದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದವಳಿಗೆ ಕೊನೆಗೂ ಕಂಡಿತು. ಒಂದು ಏಟು ಬಿದ್ದ ಕೂಡಲೇ ಒಂಬತ್ತನೆಯ ದೀಪ ರೆಪ್ಪೆ ಹೊಡೆಯುವಷ್ಟು ಹೊತ್ತು ಆರಿ ಹತ್ತಿಕೊಂಡಿತು. ಲೈನು ಗಕ್ಕನೆ ನಿಂತಿತು.

ಈಗ ಅವಳು ಒಂದು ಮರದ ಅಳತೆಪಟ್ಟಿ ತರಿಸಿಕೊಂಡು, ಅದರ ತುದಿಯಿಂದ ವೈರುಗಳನ್ನು ಒಂದೊಂದಾಗಿ ಮೆಲ್ಲಗೆ ತಳ್ಳಿ ನೋಡಿದಳು. ಎಂಟನೆಯದು ಅಲುಗಿದರೂ ದೀಪ ಅಲುಗಲಿಲ್ಲ. ಒಂಬತ್ತನೆಯದನ್ನು ಮುಟ್ಟುತ್ತಲೇ ದೀಪ ಆರಿತು. ಬಿಟ್ಟರೆ ಹತ್ತಿತು. ವಿದ್ಯುತ್ತು ತೆಗೆದು ಸ್ಕ್ರೂ ಸಡಿಲಿಸಿದಳು. ವೈರು ತನ್ನಷ್ಟಕ್ಕೆ ಹೊರಗೆ ಬಂತು, ಅದರ ತುದಿಯ ಬಹುಪಾಲು ಒಳಗೇ ಉಳಿಯಿತು. ಆ ವೈರಿನೊಳಗೆ ಕೂದಲಿನಷ್ಟು ಸಣ್ಣ ತಾಮ್ರದ ಎಳೆಗಳು ಹದಿನಾರು ಇರುತ್ತವೆ. ಹದಿನಾಲ್ಕು ತುಂಡಾಗಿದ್ದವು. ಎರಡೇ ಎರಡು ಎಳೆಗಳು ಇಡೀ ಲೈನನ್ನು ಇಲ್ಲಿಯವರೆಗೆ ಎಳೆದುಕೊಂಡು ಬಂದಿದ್ದವು.

ತುಂಡಾದ ಜಾಗವನ್ನು ಬೆಳಕಿಗೆ ಹಿಡಿದು ನೋಡಿದಳು. ತುಕ್ಕಿಲ್ಲ, ಸುಟ್ಟ ಗುರುತಿಲ್ಲ, ಹಳತಾಗಿ ಸವೆದದ್ದೂ ಅಲ್ಲ. ತಾಮ್ರ ಕಾಗದದಷ್ಟು ತೆಳ್ಳಗೆ ಜಜ್ಜಿಹೋಗಿ, ಸ್ಕ್ರೂವಿನ ಅಂಚು ಕೂತ ಕಡೆಯೇ ಕತ್ತರಿಸಿಹೋಗಿತ್ತು. ಒತ್ತಿ ಒತ್ತಿ ಕತ್ತರಿಸಿದ್ದು. ಆ ಪ್ಯಾನೆಲ್ಲಿನ ಬೀಗದ ಕೈ ಹತ್ತೊಂಬತ್ತು ವರ್ಷದಿಂದ ಒಬ್ಬಳ ಹತ್ತಿರವೇ ಇತ್ತು. ಆ ಸ್ಕ್ರೂವನ್ನು ಸಾವಿರ ಶನಿವಾರ ಒತ್ತಿದ ಕೈ ಒಂದೇ.

ಎಲ್ಲವೂ ಒಂದೊಂದಾಗಿ ಬಿಡಿಸಿಕೊಂಡಿತು. ತಾನು ಬಂದು ಬಿಗಿ ಮಾಡಿದಾಗ ತುಂಡಾದ ಎಳೆಗಳು ಒಂದಕ್ಕೊಂದು ಒತ್ತಿ ಕೂತು ನಾಲ್ಕು ದಿನ ಕೆಲಸ ನಡೆಸುತ್ತಿದ್ದವು. ಹಾಗೆ ಬಿಗಿ ಮಾಡಿದ್ದರಿಂದಲೇ ಇನ್ನೊಂದೆರಡು ಎಳೆ ಕತ್ತರಿಸಿಹೋಗಿ, ಐದನೆಯ ದಿನ ಪ್ರೆಸ್ಸಿನ ಏಟಿಗೆ ಬಿಟ್ಟುಕೊಳ್ಳುತ್ತಿದ್ದವು. ಹೊಸ ಕಾರ್ಡು ಆರು ದಿನ ನಡೆದ ಗುಟ್ಟೂ ಇದೇ. ಜನ ಕೈಗುಣ ಅಂದದ್ದು ಇದಕ್ಕೆ. ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ನಾಚಿಕೆಯಾಯಿತು, ಮೈಯೆಲ್ಲ ಬಿಸಿಯಾಗುವಷ್ಟು ನಾಚಿಕೆ.

"ಏನಾಯ್ತಕ್ಕ?" ಎಂದಳು ಚಿಕ್ಕವಳು.

"ನನ್ನಿಂದಲೇ ಆಗಿದ್ದು ಇದು," ಎಂದಳು ಟೆಸ್ಟರಕ್ಕ. "ಜಾಸ್ತಿ ಬಿಗಿ ಮಾಡಿ ಮಾಡಿ ನಾನೇ ಕತ್ತರಿಸಿದ್ದೀನಿ."

ಚಿಕ್ಕವಳಿಗೆ ಕುಣಿದಾಡುವಷ್ಟು ಸಂತೋಷವಾಗಿರಬೇಕು, ಆದರೆ ಕುಣಿಯಲಿಲ್ಲ. "ಊಟ ಮಾಡಿ ಮೊದಲು. ನಿಮ್ಮ ಡಬ್ಬಿ ಅವನು ನಿಜವಾಗಲೂ ತಿಂದುಬಿಟ್ಟ. ನಂದರಲ್ಲಿ ಅರ್ಧ ಇದೆ," ಎಂದು ಹೋದಳು.

ಶುಕ್ರವಾರವೂ ಶನಿವಾರವೂ ಟೆಸ್ಟರಕ್ಕ ಪ್ಯಾನೆಲ್ಲಿನ ಮುಂದಿನಿಂದ ಏಳಲಿಲ್ಲ. ನಾಲ್ಕೂ ಕಾರ್ಡುಗಳ ಅರವತ್ತನಾಲ್ಕು ವೈರುಗಳನ್ನೂ ಬಿಚ್ಚಿ, ಜಜ್ಜಿದ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಎಳೆಗಳನ್ನು ಕಾಯುವ ಲಗ್ಗು ಎಂಬ ಪುಟ್ಟ ಲೋಹದ ಟೊಪ್ಪಿಗೆಯನ್ನು ತುದಿಗೆ ಒತ್ತಿಸಿ, ಮತ್ತೆ ಕೂರಿಸಿದಳು. ಎಷ್ಟು ಬೇಕೋ ಅಷ್ಟಾದ ಕೂಡಲೇ ಕಟಕ್ ಎಂದು ಜಾರಿಕೊಳ್ಳುವ ಸ್ಕ್ರೂಡ್ರೈವರೊಂದನ್ನು ಪ್ರೆಸ್ಸಿನ ವಿಭಾಗದಿಂದ ತಂದಿದ್ದಳು. ಕಟಕ್ ಅಂದ ಮೇಲೂ ಅವಳ ಕೈ ಇನ್ನೊಂದು ಹಿಡಿ ಒತ್ತಲು ಹವಣಿಸುತ್ತಿತ್ತು. ಪ್ರತಿ ಸಲವೂ ಕೈಯನ್ನು ಗದರಿಸಬೇಕಾಯಿತು. ಅರವತ್ತನಾಲ್ಕರಲ್ಲಿ ಹನ್ನೊಂದು ವೈರುಗಳು ಅರ್ಧ ಜೀವದಲ್ಲಿದ್ದವು. ಇನ್ನೆರಡು ತಿಂಗಳು ಬಿಟ್ಟಿದ್ದರೆ ಇಂಥ ಹನ್ನೊಂದು ತಲೆನೋವು ಎದ್ದು, ಇನ್ನೂ ಯಾರ್ಯಾರ ಮೇಲೆ ತಪ್ಪು ಬರುತ್ತಿತ್ತೋ. ಕತ್ತರಿಸಿದ ತುದಿಗಳನ್ನೆಲ್ಲ ಒಂದು ಡಬ್ಬಿ ಮುಚ್ಚಳದಲ್ಲಿ ಕೂಡಿಟ್ಟು ಶನಿವಾರ ಮ್ಯಾನೇಜರ ಬಳಿ ಹೋದಳು.

ಮ್ಯಾನೇಜರು ಒಳ್ಳೆಯ ಮನುಷ್ಯ. ಒಳ್ಳೆಯವರೇ ಇಂಥ ಸಮಯದಲ್ಲಿ ಅಪಾಯ. ಎಲ್ಲ ಕೇಳಿ, ತುಂಡುಗಳನ್ನು ಬೆರಳಿನಿಂದ ಕೆದಕಿ, ದನಿ ತಗ್ಗಿಸಿದರು.

"ಸಿಕ್ತಲ್ಲ, ಅಷ್ಟು ಸಾಕು. ವೈರು ಹಳೇದಾಗಿತ್ತು ಅಂತ ಬರೆದುಬಿಡಿ. ಇಪ್ಪತ್ತಾರು ವರ್ಷದ ಪ್ಯಾನೆಲ್ಲು, ಯಾರೂ ಕೇಳಲ್ಲ. ನಿಮ್ಮ ಓರಗಿತ್ತಿನೂ ಬಚಾವ್, ನಿಮ್ಮ ಹೆಸರೂ ಉಳಿಯುತ್ತೆ."

ಟೆಸ್ಟರಕ್ಕನಿಗೆ ಒಂದು ಗಳಿಗೆ ಆಸೆಯಾಯಿತು. ಸುಳ್ಳೇಕೆ ಹೇಳಬೇಕು? ಆಯಿತು. ವೈರು ಹಳೆಯದು ಎಂಬುದು ಪೂರ್ತಿ ಸುಳ್ಳೂ ಅಲ್ಲ. ಮುಚ್ಚಳ ಎಣಿಸಲು ಬಂದವಳು ಇಷ್ಟು ದೂರ ಬಂದಿದ್ದಳು; ಬಾಗಿಲ ಬಳಿ ಕಂಡರೆ ಸಾಕು, ಜನ ದಾರಿ ಬಿಡುತ್ತಿದ್ದರು. ಅದನ್ನೆಲ್ಲ ಕೈಯಾರೆ ಕಳೆದುಕೊಳ್ಳಬೇಕೇ?

"ಹಳೇದು ಅಂತ ಬರೆದ್ರೆ ಮುಂದೆ ಬರೋರೂ ಶನಿವಾರ ಶನಿವಾರ ಬಿಗಿ ಮಾಡ್ತಾನೇ ಇರ್ತಾರೆ ಸರ್," ಎಂದಳು. "ಅದೂ ಅಲ್ಲದೆ, ಅವಳ ತಪ್ಪು ಅಂತ ಮೂರು ಸಲ ಬರೆಯೋವಾಗ ನನ್ನ ಕೈ ನಡುಗಲಿಲ್ಲ. ಈಗ ನನ್ನ ತಪ್ಪು ಬರೆಯೋವಾಗ ಯಾಕೆ ನಡುಗಬೇಕು?"

"ನಿಮ್ಮಿಷ್ಟ," ಎಂದರು ಮ್ಯಾನೇಜರು. ಅವಳು ಅವರ ಪೆನ್ನನ್ನೇ ಕೇಳಿ ತೆಗೆದುಕೊಂಡು ಹೊರಗೆ ಬಂದಳು.

ಸೋಮವಾರ ಬೆಳಿಗ್ಗೆ ಎಲ್ಲರೂ ಸೇರಿದರು. ಚಿಕ್ಕವಳ ತಪ್ಪನ್ನು ಓದುತ್ತಾರೆ ಎಂದು ವಾರದಿಂದ ಗುಸುಗುಸು ಇದ್ದದ್ದರಿಂದ ಅವತ್ತು ತಡವಾಗಿ ಬಂದವರು ಯಾರೂ ಇರಲಿಲ್ಲ. ಓದಬೇಕಾದವರು ಓದಲಿಲ್ಲ, ಟೆಸ್ಟರಕ್ಕ ಮುಂದೆ ಬಂದಳು. ಭಾಷಣ ಮಾಡಿ ಗೊತ್ತಿಲ್ಲದವಳು. ಆ ಮುಚ್ಚಳವನ್ನು ಅಂಗೈಯಲ್ಲಿ ಹಿಡಿದು ತೋರಿಸುತ್ತ, ನೇರವಾಗಿ ಹೇಳಿದಳು.

"ಜಾಲರಿ ಬಾಗಿಲು ಯಾರೂ ತೆಗೆದಿಲ್ಲ. ಇಲ್ಲಿ ತಾಮ್ರದ ಚೂರಿದೆ ನೋಡಿ, ಇದು ಕತ್ತರಿಸಿದ್ದು ನಾನು. ಜಾಸ್ತಿ ಬಿಗಿ ಮಾಡಿ ಕತ್ತರಿಸಿದೆ. ಆಪರೇಟರ್ ತಪ್ಪು ಅಂತ ಮೂರು ಸಲ ಬರೆದೆ, ಮೂರೂ ಸುಳ್ಳು. ಹೊಡೆದುಹಾಕಿ ಸಹಿ ಮಾಡಿದ್ದೀನಿ. ಇನ್ನು ಮೇಲೆ ನನಗೆ ಕೈಗುಣ ಇದೆ ಅಂತ ಯಾರೂ ಹೇಳ್ಬೇಡಿ. ಲೈನು ನಿಂತರೆ ನನ್ನ ಕರೀರಿ, ಬರ್ತೀನಿ. ಮೊದಲು ಆಪರೇಟರನ್ನ ಕೇಳ್ತೀನಿ, ಆಮೇಲೆ ಪ್ಯಾನೆಲ್ ಮುಟ್ತೀನಿ."

ಆ ಕಾರ್ಖಾನೆಯಲ್ಲಿ ತಪ್ಪುಗಳು ಸಾಕಷ್ಟು ಆಗಿದ್ದವು, ಆದರೆ ತನ್ನದು ಎಂದು ನಿಂತು ಹೇಳಿದವರನ್ನು ಯಾರೂ ಕಂಡಿರಲಿಲ್ಲ. ಟೆಸ್ಟರಕ್ಕ ತಲೆ ತಗ್ಗಿಸಿರಲಿಲ್ಲ. ಆಶ್ಚರ್ಯವೆಂದರೆ ಗುರುವಾರದ ನಾಚಿಕೆ ಈಗ ಎಲ್ಲಿಯೂ ಇರಲಿಲ್ಲ. ಸರ್ಟಿಫಿಕೇಟು ತಂದ ದಿನ ಇದೇ ನೆಲದ ಮೇಲೆ ನಡೆದ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿದ್ದಳು.

ಚಿಕ್ಕವಳು ಸೀದಾ ಪ್ಯಾನೆಲ್ಲಿನ ಬಳಿ ನಡೆದಳು. ದಾರಕ್ಕೆ ತೂಗುತ್ತಿದ್ದ ಪುಸ್ತಕವನ್ನು ತೆರೆದು, ಅಲ್ಲಿ ಬರೆದದ್ದನ್ನು ಬೆರಳಿಟ್ಟು ಓದಿದಳು. 'ಕಾರಣ: ಸ್ಕ್ರೂ ಅತಿಯಾಗಿ ಬಿಗಿ ಮಾಡಿ ವೈರು ಕತ್ತರಿಸಿದ್ದು ನಾನೇ. ಆಪರೇಟರ್ ತಪ್ಪೇನೂ ಇಲ್ಲ.' ಓದಿ ತಲೆಯಾಡಿಸಿದಳು. ಬೆರಳು ಪಕ್ಕದ ಜಾಗಕ್ಕೆ ಸರಿಯಿತು, ಅಲ್ಲೇ ನಿಂತಿತು.

"ಅಕ್ಕ, ಇದೇನಿದು?" ಎಂದಳು, ಮೂರು ಮಷೀನಿನಾಚೆ ಕೇಳಿಸುವ ದನಿಯಲ್ಲಿ. "ಕಂಡುಹಿಡಿದವರು ಅನ್ನೋ ಕಡೆನೂ ನಿಮ್ಮ ಹೆಸರೇ ಇದೆ. ತಪ್ಪೂ ನಿಮ್ದೇ, ಕಂಡುಹಿಡಿದಿದ್ದೂ ನೀವೇ. ಎಲ್ಲಾ ನೀವೇ ಬಾಚ್ಕೊಂಡ್ರೆ ನಮಗೇನು ಉಳೀತು?"

ಮೊದಲು ಪ್ರೆಸ್ಸಿನವನು ನಕ್ಕ, ಆಮೇಲೆ ಎಲ್ಲರೂ ನಕ್ಕರು. ಟೆಸ್ಟರಕ್ಕನ ಮುಖ ಕೆಂಪಾಯಿತು. ಹತ್ತೊಂಬತ್ತು ವರ್ಷ ಆ ಜಾಗದಲ್ಲಿ ತನ್ನ ಹೆಸರನ್ನೇ ಬರೆದ ಕೈ, ಶನಿವಾರವೂ ಕೇಳದೆ ಬರೆದುಬಿಟ್ಟಿತ್ತು. ದಪ್ಪ ತಗಡಿಗೆ ಹದಿನಾಲ್ಕು ಗೀಟು ಎಳೆದವಳು ಯಾರು, ಮುಟ್ಟಬೇಡಿ ಅಂದವಳು ಯಾರು? ತಪ್ಪು ಒಪ್ಪಿಕೊಳ್ಳುವ ಭರದಲ್ಲಿ ಅದನ್ನೂ ತಾನೇ ನುಂಗಿದ್ದಳು. ಅವಳು ಹೋಗಿ ತನ್ನ ಹೆಸರಿನ ಮೇಲೆ ಗೀಟು ಹೊಡೆದು, ಮ್ಯಾನೇಜರ ಪೆನ್ನನ್ನು ಓರಗಿತ್ತಿಯ ಕೈಗೆ ಕೊಟ್ಟಳು.

"ತಗೋ. ನೀನೇ ಬರಿ."

ಆಪರೇಟರುಗಳು ಆ ಪುಸ್ತಕದಲ್ಲಿ ಬರೆಯುವ ಪದ್ಧತಿಯಿಲ್ಲ ಎಂದು ಹೇಳಲು ಮ್ಯಾನೇಜರು ಬಾಯಿ ತೆರೆದರು. ಟೆಸ್ಟರಕ್ಕ ಒಮ್ಮೆ ಅವರ ಕಡೆ ನೋಡಿದಳು. ಅವರು ಬಾಯಿ ಮುಚ್ಚಿದರು.

ಚಿಕ್ಕವಳು ಬರೆದಳು. ಗುಂಡು ಗುಂಡಾದ ದೊಡ್ಡ ಅಕ್ಷರ, ಗೆರೆಯ ಆಚೆಗೂ ಚಾಚಿಕೊಂಡಿತು: 'ಕಂಡುಹಿಡಿದವರು: ಆಪರೇಟರ್.' ಕೆಳಗೆ ಸಹಿ ಹಾಕಿ, ಇಂಕು ಒಣಗಲಿ ಎಂದು ಊದಿದಳು. ಆಮೇಲೆ ತನ್ನ ಮಷೀನಿನ ಬಳಿ ಹೋಗಿ ಜಾಲರಿ ಮುಚ್ಚಿ ಗುಂಡಿ ಒತ್ತಿದಳು. ಲೈನು ಓಡತೊಡಗಿತು. ಒಂಬತ್ತನೆಯ ದೀಪದ ಕಡೆ ಕಣ್ಣಿಡಬೇಕಾದ ಟೆಸ್ಟರಕ್ಕ ಅದನ್ನು ಬಿಟ್ಟು ಓರಗಿತ್ತಿಯನ್ನೇ ನೋಡುತ್ತಿದ್ದಳು.

"ನನ್ನ ಓರಗಿತ್ತಿ ಅವಳು," ಎಂದಳು ಪಕ್ಕದಲ್ಲಿದ್ದ ಪ್ರೆಸ್ಸಿನವನಿಗೆ.

ಅವನಿಗೆ ಅದು ಎಂಟು ವರ್ಷದಿಂದ ಗೊತ್ತಿತ್ತು. ಆದರೂ ಗೊತ್ತಿಲ್ಲದವನ ಹಾಗೆ, "ಹೌದಾ?" ಎಂದ.